ಆರು ವರ್ಷ ಚಿಕ್ಕವರಾದ ಮೇಸ್ತ್ರಿ

ನನ್ನ ಜನ್ಮದಿನ ಜೂನ್ 1. ಅಪ್ಪ ಹೇಳಿದ್ದಲ್ಲ, ಒಂದನೇ ಕ್ಲಾಸಿಗೆ ಸೇರಿಸಿಕೊಂಡ ಮೇಷ್ಟ್ರು ದಯಪಾಲಿಸಿದ್ದು. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರ ಹಿಂದಿನ ತಿಂಗಳ ಕೊನೆಗೇ ನಿವೃತ್ತನಾಗಬೇಕು ಅನ್ನೋದು ನಿಯಮ. ಹಾಗಾಗಿ 60 ತುಂಬಿದ ನಾನು 2025ರ ಮೇ 31ಕ್ಕೆ ಮನೆಗೆ ಬಂದೆ. ಸರ್ಕಾರ ನನ್ನಿಂದ ಒಂದೇ ಒಂದು ದಿನ ಹೆಚ್ಚು ದುಡಿಸಿಕೊಳ್ಳಲಿಲ್ಲ. ಅಷ್ಟು ಕಟ್ಟುನಿಟ್ಟು.

ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದರು, ಮೈಸೂರು ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು. ಮಾತಾಡಿದವರೆಲ್ಲ ‘ದಣಿದ ಜೀವಕ್ಕೆ ಇನ್ನಾದರೂ ವಿಶ್ರಾಂತಿ ಸಿಗಲಿ’ ಅಂದರು. ದಣಿದದ್ದು ಯಾವಾಗ ಅಂತ ವೇದಿಕೆ ಮೇಲೆ ಕೂತೇ ನೆನಪು ಮಾಡಿಕೊಂಡೆ. ಎಷ್ಟೋ ವರ್ಷದ ಹಿಂದೆ ಆಫೀಸಿನ ಲಿಫ್ಟ್ ಒಂದು ವಾರ ಕೆಟ್ಟಿತ್ತು. ಅದು ಬಿಟ್ಟರೆ ಬೇರೇನೂ ಹೊಳೆಯಲಿಲ್ಲ. ಸವೆದದ್ದು ಕುರ್ಚಿ. ಅದಕ್ಕೆ ಯಾರೂ ಶಾಲು ಹೊದಿಸಲಿಲ್ಲ.

ಬಂದ ಗಂಟಿನಲ್ಲಿ ಮನೆ ಮೇಲೊಂದು ರೂಮು ಹಾಕಿಸೋಣ ಅಂತ ನಮ್ಮ ಮೇಸ್ತ್ರಿಯನ್ನು ಕರೆಸಿದೆ. 25 ವರ್ಷದ ಹಿಂದೆ ಕೆಳಗಿನ ಮನೆ ಕಟ್ಟಿದ್ದೂ ಅವರೇ. ಕೆಲಸ ಶುರುವಾಗಿ ನಾಲ್ಕನೇ ದಿನ ಲುಂಗಿಗೆ ಕೈ ಒರೆಸಿಕೊಂಡು ಒಂದು ಹಾಳೆ ಹಿಡಿದು ಬಂದರು.

“ಸಾರ್, ಒಂದು ಸೈನ್ ಹಾಕಿ ಕೊಡಿ. ಕಾರ್ಮಿಕರ ಕಾರ್ಡ್ ರಿನೀವಲ್‌ಗೆ. 90 ದಿನ ಕೆಲಸ ಮಾಡಿದೀನಿ ಅಂತ ಯಾರಾದ್ರೂ ಬರಕೊಡಬೇಕಂತೆ.”

ಹೌದು. 1996ರ ಕಟ್ಟಡ ಕಾರ್ಮಿಕರ ಕಾಯಿದೆಯಲ್ಲೇ ಇತ್ತು: ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ಪುರಾವೆ ಬೇಕು. 34 ವರ್ಷ ನಾನು ದುಡಿದೆನೋ ಇಲ್ಲವೋ ಅಂತ ಪುರಾವೆ ಕೇಳಿದವರಿಲ್ಲ. ಹಾಜರಿ ಪುಸ್ತಕ ಸಾಕಾಯಿತು. ಆ ಹಾಜರಿ ಪುಸ್ತಕದ ಮನುಷ್ಯ ಈಗ, ಅಂಗೈಯಲ್ಲಿ ಬಿರುಕುಬಿಟ್ಟ ಸಿಮೆಂಟಿನ ಗೆರೆಗಳಿರುವವರ ಶ್ರಮಕ್ಕೆ ದೃಢೀಕರಣ ಕೊಡಬೇಕು. ಕೊಟ್ಟೆ. ಕೊಡುವಾಗ ಅವರ ವಯಸ್ಸಿನ ಕಾಲಂ ಕಣ್ಣಿಗೆ ಬಿತ್ತು. 54.

“ಏನ್ ಮೇಸ್ತ್ರಿ, ನೀವು ನನ್ನ ವಾರಿಗೆಯವರಲ್ವಾ?”

“ಹೌದು ಸಾರ್. ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಓಟು ಕೇಳೋಕೆ ಬಂದಿದ್ರಲ್ಲ, ಆಗ ನಂಗೆ 13. ಲೈನ್ ಮನೆ ಕಟ್ಟೋ ಕಡೆ ಮಣ್ಣು ಹೊರ್ತಿದ್ದೆ. ಭಾಷಣ ಕೇಳೋಕೆ ಓಡೋಗಿ ಅರ್ಧ ದಿನದ ಕೂಲಿ ಹೋಯ್ತು. ಆದ್ರೆ ಆಧಾರ್ ಕಾರ್ಡಲ್ಲಿ ಬೇರೆ ಇದೆ.”

ಕಾರ್ಡಿನಲ್ಲಿ ಇದ್ದದ್ದು 01-01-1971. ಆ ಉಪಚುನಾವಣೆ ನಡೆದದ್ದು 1978ರಲ್ಲಿ. ಅಂದರೆ ಕಾರ್ಡಿನ ಪ್ರಕಾರ ನಮ್ಮ ಮೇಸ್ತ್ರಿ ಏಳನೇ ವಯಸ್ಸಿಗೇ ಮಂಕರಿ ಹೊತ್ತು ಬಾಲಕಾರ್ಮಿಕರಾಗಿದ್ದರು. ಕಾರ್ಡು ನಿಜವಾದರೆ ಯಾರ ಮೇಲಾದರೂ ಕೇಸು ಹಾಕಬೇಕು. ಸುಳ್ಳಾದರೆ ಅವರಿಗೆ ಈಗಲೇ ಪಿಂಚಣಿ ಕೊಡಬೇಕು. ಇವೆರಡೂ ಆಗಕೂಡದು ಅಂತಲೇ ಇರಬೇಕು, ಅದು ನಿಜವೂ ಅಲ್ಲದೆ ಸುಳ್ಳೂ ಅಲ್ಲದೆ ‘ದಾಖಲೆ’ಯಾಗಿದೆ.

ಆಗಿದ್ದಿಷ್ಟು. ಯಾವುದೋ ಕಾಲದಲ್ಲಿ ಊರಿನ ಜಗಲಿ ಮೇಲೆ ಆಧಾರ್ ಶಿಬಿರ ಹಾಕಿದ್ದರಂತೆ. ಕಂಪ್ಯೂಟರ್ ಹುಡುಗ ವಯಸ್ಸು ಕೇಳಿದ. ಮೇಸ್ತ್ರಿ ಮುಖ ನೋಡಿ ‘ನೀವೇ ಹಾಕ್ಕಳಿ’ ಅಂದರು. ಹಿಂದೆ ಸಾಲು ಉದ್ದ ಇತ್ತು. ಹುಡುಗ ಹಾಕಿಕೊಂಡ. ಜನವರಿ 1 ಅನ್ನೋದು ಓದು ಕಾಣದವರ ಜನ್ಮದಿನ, ಜೂನ್ 1 ಅನ್ನೋದು ಶಾಲೆ ಮೆಟ್ಟಿಲು ಹತ್ತಿದವರ ಜನ್ಮದಿನ. ನಮ್ಮ ದೇಶದ ವರ್ಗ ವಿಭಜನೆಯನ್ನು ಇಷ್ಟು ಅಚ್ಚುಕಟ್ಟಾಗಿ ಯಾವ ಸಮಾಜಶಾಸ್ತ್ರಜ್ಞನೂ ಮಾಡಿಲ್ಲ.

ನಾನು ಮನೆಗೆ ಬರಲು ಇನ್ನೂ ಒಂಬತ್ತು ದಿನ ಇರುವಾಗ, ಮೇ 22ರಂದು, ಡೆನ್ಮಾರ್ಕ್‌ನ ಸಂಸತ್ತು ಒಂದು ಮಸೂದೆಗೆ ಮತ ಹಾಕಿತ್ತು. ಈಗ 67 ಇರುವ ಪಿಂಚಣಿ ವಯಸ್ಸು 2030ಕ್ಕೆ 68, 2035ಕ್ಕೆ 69, 2040ಕ್ಕೆ 70 ಆಗುತ್ತದೆ. ಪರವಾಗಿ 81, ವಿರುದ್ಧ 21. ಆಮೇಲೆ ಅಲ್ಲಿನ ಛಾವಣಿ ಕೆಲಸದವರು, ಇಟ್ಟಿಗೆ ಕೆಲಸದವರು 70ರಲ್ಲಿ ಏಣಿ ಹತ್ತಬೇಕಾ ಅಂತ ಗಲಾಟೆ. ಈ 70 ವರ್ಷದ ನಿಯಮ ಅನ್ವಯವಾಗುವುದು ಯಾರಿಗೆ ಗೊತ್ತಾ? 1970ರ ಡಿಸೆಂಬರ್ 31ರ ನಂತರ ಹುಟ್ಟಿದವರಿಗೆ. ಅಂದರೆ 01-01-1971ರಿಂದ. ನಮ್ಮ ಕಂಪ್ಯೂಟರ್ ಹುಡುಗ ಮೇಸ್ತ್ರಿಯನ್ನು ಕೂರಿಸಿದ್ದು ಕೋಪನ್‌ಹೇಗನ್ ಬಲೆಯ ಮೊದಲನೇ ಕಣ್ಣಿಗೆ ಸರಿಯಾಗಿ. ಒಂದು ದಿನ ಆಚೀಚೆ ಇಲ್ಲ.

ಆದರೆ ದಕ್ಷತೆ ಅಂದರೆ ನಮ್ಮದು. ಅವರು ಮೂರು ವರ್ಷ ಏರಿಸೋಕೆ 15 ವರ್ಷ ಟೈಮು ತಗೊಂಡರು, ಮತಕ್ಕೆ ಹಾಕಿದರು, ಬೈಸಿಕೊಂಡರು. ಇಲ್ಲಿ ಒಬ್ಬ ಹುಡುಗ, ಟೀ ಆರುವಷ್ಟರಲ್ಲಿ, ಮೇಸ್ತ್ರಿಯ ಪಿಂಚಣಿ ವಯಸ್ಸನ್ನು 60ರಿಂದ 66ಕ್ಕೆ ಏರಿಸಿದ. ಮಸೂದೆ ಇಲ್ಲ, ಚರ್ಚೆ ಇಲ್ಲ, ಸಭಾತ್ಯಾಗ ಇಲ್ಲ. ‘ನೆಕ್ಸ್ಟ್’ ಅಂದ, ಅಷ್ಟೇ.

“ಸರಿ ಮಾಡಿಸಬಾರದಿತ್ತಾ?” ಅಂದೆ.

ಮಾಡಿಸೋಕೆ ಹೋಗಿದ್ದರು. ಮಾರ್ಕ್ಸ್ ಕಾರ್ಡ್ ತನ್ನಿ ಅಂದರಂತೆ. ಶಾಲೆಗೇ ಹೋಗಿಲ್ಲ ಅಂದರು. ಹಾಗಾದರೆ ಜನನ ಪ್ರಮಾಣ ಪತ್ರ ಅಂದರಂತೆ. ಸೂಲಗಿತ್ತಿ ತೀರಿಕೊಂಡು 30 ವರ್ಷ ಆಯಿತು ಅಂದರು. ಅದೂ ಹೋಗಲಿ, ಮೊದಲು ನೀವೇ ಅಂತ ಖಾತ್ರಿಯಾಗಬೇಕಲ್ಲ, ಹೆಬ್ಬೆಟ್ಟು ಇಡಿ ಅಂದರು. ಇಟ್ಟರು. ಕೆಂಪು ದೀಪ. ಒರೆಸಿ ಇಟ್ಟರು. ಕೆಂಪು ದೀಪ. ತಲೆಗೂದಲಿಗೆ ಉಜ್ಜಿಕೊಂಡು ಇಡಿ, ಸ್ವಲ್ಪ ಜಿಡ್ಡು ಹತ್ತಲಿ ಅಂದರು. ಬೋಳುತಲೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಪಾಪ ಅಂತ ತನ್ನ ಜಡೆಯ ಎಣ್ಣೆ ಒರೆಸಿಕೊಳ್ಳೋಕೆ ಬಿಟ್ಟಳಂತೆ. ಆಗಲೂ ಕೆಂಪು ದೀಪ. 47 ವರ್ಷ ಸುಣ್ಣ, ಸಿಮೆಂಟು, ಇಟ್ಟಿಗೆಯ ಜೊತೆ ಉಜ್ಜಾಡಿದ ಬೆರಳಿನಲ್ಲಿ ಗೆರೆ ಎಲ್ಲಿಂದ ಬರಬೇಕು! ನಾನು ಕನ್ನಡಕ ಹಾಕಿಕೊಂಡು ನೋಡಿದೆ. ನಮ್ಮ ಅಡುಗೆಮನೆಯ ಕಡಪ ಕಲ್ಲಿನ ಹಾಗೆ ಪಾಲಿಶ್ ಆಗಿತ್ತು. ವಯಸ್ಸಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಾ ಅಂತ ನೀವು ಕೇಳಬಹುದು. ಯಂತ್ರಕ್ಕೆ ಅದು ಓದಲು ಬರುವುದಿಲ್ಲ.

ಇನ್ನೊಂದು ತಮಾಷೆ. ಆಧಾರ್ ಕಾರ್ಡು ವಯಸ್ಸಿಗೆ ಪುರಾವೆಯಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ರಸ್ತೆ ಅಪಘಾತದಲ್ಲಿ ಸತ್ತವರೊಬ್ಬರ ಪರಿಹಾರದ ಕೇಸು. ಶಾಲೆಯ ಟಿ.ಸಿ.ಯನ್ನೇ ಹಿಡಿಯಬೇಕು ಅಂತ ತೀರ್ಪು. ಒಳ್ಳೆಯದೇ. ಆದರೆ ಟಿ.ಸಿ. ಇಲ್ಲದ, ಇನ್ನೂ ಸಾಯದ ಮನುಷ್ಯನಿಗೆ ವಯಸ್ಸೆಷ್ಟು ಅನ್ನೋ ಪ್ರಶ್ನೆ ಅಲ್ಲಿ ಎದ್ದಿರಲಿಲ್ಲ.

ಡೆನ್ಮಾರ್ಕಿನವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಅಲ್ಲಿ ಆರ್ನೆ ಅಂತ ಒಬ್ಬ ಬಿಯರ್ ಕಾರ್ಖಾನೆಯ ಕಾರ್ಮಿಕನ ಮುಖ ಇಟ್ಟುಕೊಂಡು ಒಂದು ಪಕ್ಷ 2019ರಲ್ಲಿ ಪ್ರಚಾರ ಮಾಡಿತು: ‘ಈಗ ಆರ್ನೆಯ ಸರದಿ’. ಗೆದ್ದ ಮೇಲೆ ಕಾನೂನನ್ನೂ ತಂದರು. 61 ತುಂಬುವ ಹೊತ್ತಿಗೆ 44 ವರ್ಷ ದುಡಿದಿದ್ದರೆ ಮೂರು ವರ್ಷ ಮೊದಲೇ ಪಿಂಚಣಿ. ಚಿಕ್ಕಂದಿನಲ್ಲೇ ದುಡಿಯಲು ಇಳಿದವನು ಬೇಗ ಸವೆಯುತ್ತಾನೆ ಅನ್ನೋ ಲೆಕ್ಕ. ಈ ಲೆಕ್ಕದಲ್ಲಿ ನಮ್ಮ ಮೇಸ್ತ್ರಿ ಆರ್ನೆಯ ತಲೆ ಮೇಲೆ ಹೊಡೆದ ಹಾಗೆ 60ಕ್ಕೇ 47 ವರ್ಷ ಮುಗಿಸಿದ್ದಾರೆ. ಆದರೆ ಅದಕ್ಕೆ ಸಾಕ್ಷಿ ಏನಿದೆ? ತಾಲ್ಲೂಕಿನಲ್ಲಿ ನಿಂತಿರುವ ನೂರಾರು ಗೋಡೆಗಳು. ಗೋಡೆಯ ಮೇಲೆ ಮಾಲೀಕರ ಹೆಸರಿರುತ್ತದೆ.

ಫ್ರಾನ್ಸಿನದು ಇನ್ನೂ ನಾಜೂಕು. ಅಲ್ಲಿ ಕಷ್ಟದ ಕೆಲಸ ಮಾಡಿದವರಿಗೆ ಅಂಕ ಕೊಟ್ಟು, ಆ ಅಂಕದ ಮೇಲೆ ಬೇಗ ನಿವೃತ್ತಿ ಕೊಡುವ ಪದ್ಧತಿ ಇತ್ತು. ಹತ್ತು ಬಗೆಯ ಕಷ್ಟಗಳ ಪಟ್ಟಿ. 2017ರಲ್ಲಿ ಮ್ಯಾಕ್ರಾನ್ ಅಧ್ಯಕ್ಷರಾದದ್ದೇ ತಡ, ಆ ಅಂಕದ ಲೆಕ್ಕದಿಂದ ನಾಲ್ಕು ಕಷ್ಟಗಳು ಹೊರಗೆ ಹೋದವು: ಭಾರ ಹೊರುವುದು, ಬಾಗಿ ಬಳುಕಿ ನಿಲ್ಲುವುದು, ಯಂತ್ರದ ಕಂಪನ, ರಾಸಾಯನಿಕ. ನಾನು ಈ ನಾಲ್ಕನ್ನೂ ಬೆರಳು ಮಡಚಿ ಮೇಸ್ತ್ರಿಗೆ ಓದಿ ಹೇಳಿದೆ. ಆ ಹೊತ್ತಿಗೆ ಅವರು 50 ಕೆ.ಜಿ.ಯ ಸಿಮೆಂಟ್ ಮೂಟೆ ಇಳಿಸಿ, ನೆಲದ ಮಟ್ಟ ನೋಡಲು ಬಗ್ಗಿ, ವೈಬ್ರೇಟರ್ ಹಿಡಿದು ಮೋಲ್ಡ್ ಹಾಕಿದ ನಿನ್ನೆಯ ಕತೆ ಹೇಳುತ್ತಾ, ಸಿಮೆಂಟು ತಿಂದ ಪಾದದ ಸಂದಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ನಾಲ್ಕಕ್ಕೆ ನಾಲ್ಕೂ! ಪ್ಯಾರಿಸ್ಸಿನ ಪ್ರಕಾರ ಅವರದು ಹೂವಿನಷ್ಟು ಹಗುರದ ಕೆಲಸ.

ಎರಡು ವರ್ಷದ ಮೇಲೆ ಅದೇ ಮ್ಯಾಕ್ರಾನ್ ಒಂದು ಸಭೆಯಲ್ಲಿ, ಕೆಲಸದ ‘ಕಷ್ಟ’ ಅನ್ನೋ ಪದವೇ ತಮಗೆ ಅಷ್ಟು ಇಷ್ಟವಿಲ್ಲ, ಅದರಿಂದ ಕೆಲಸ ಅಂದರೆ ಕಷ್ಟ ಅನ್ನೋ ಭಾವನೆ ಬರುತ್ತದೆ ಅಂದರು. ನನಗೆ ಈ ಮಾತು ಬಹಳ ಹಿಡಿಸಿತು. ನಾವೂ ಮಂಡಿನೋವು ಅನ್ನೋ ಪದ ತೆಗೆದುಬಿಟ್ಟರೆ ಆರ್ಥೋಪೆಡಿಕ್ ಡಾಕ್ಟರು ಮನೆಗೆ ಹೋಗಬೇಕಾಗುತ್ತದೆ. 2023ರಲ್ಲಿ ಅಲ್ಲಿ ಪಿಂಚಣಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವಾಗ ಪೌರಕಾರ್ಮಿಕರು ಕಸ ಎತ್ತುವುದು ನಿಲ್ಲಿಸಿದರು. ಪ್ಯಾರಿಸ್ಸಿನ ಬೀದಿಯಲ್ಲಿ ಕಸದ ಬೆಟ್ಟ. ಕಷ್ಟ ಅನ್ನೋ ಪದ ಇಷ್ಟವಿಲ್ಲದವರಿಗೆ ಅದರ ವಾಸನೆಯಾದರೂ ಬಡಿಯಲಿ ಅಂತ ಇದ್ದಿರಬೇಕು. ಆದರೂ ಸಂಸತ್ತಿನ ಕೆಳಮನೆಯಲ್ಲಿ ಅಂತಿಮ ಮತಕ್ಕೇ ಹಾಕದೆ ಸಂವಿಧಾನದ ವಿಶೇಷ ಕಲಂ ಹಿಡಿದು ಪಾಸು ಮಾಡಿಕೊಂಡರು.

ವಯಸ್ಸು ಏರಿಸುವವರು ಎಲ್ಲ ದೇಶದಲ್ಲೂ ಹೇಳುವುದು ಒಂದೇ ಮಾತು. ಜನರ ಆಯುಷ್ಯ ಹೆಚ್ಚಿದೆ, ಹಾಗಾಗಿ ಹೆಚ್ಚು ದುಡಿಯಲಿ. ಯಾರ ಆಯುಷ್ಯ? ಅದೇ ಫ್ರಾನ್ಸಿನ ಅಂಕಿಅಂಶ ಸಂಸ್ಥೆ ಲೆಕ್ಕ ಹಾಕಿದಾಗ, ಗಂಡಸರಲ್ಲಿ ಅತಿ ಶ್ರೀಮಂತ ಶೇ. 5 ಮಂದಿಗೂ ಅತಿ ಬಡ ಶೇ. 5 ಮಂದಿಗೂ ಆಯುಷ್ಯದಲ್ಲಿ ಸುಮಾರು 13 ವರ್ಷ ಅಂತರ ಬಂತು. ಸರಾಸರಿ ಅಂದರೆ ಕುರ್ಚಿಯವನ ಆಯುಷ್ಯವನ್ನು ಕರಣೆಯವನ ಖಾತೆಗೆ ಜಮಾ ಮಾಡಿ, ಆಮೇಲೆ ಕರಣೆಯವನಿಂದ ಬಡ್ಡಿ ಕೇಳುವುದು.

ನಮ್ಮಲ್ಲಿ ಜನ ಮುಂಚಿತವಾಗಿ ಯೋಚಿಸಬೇಕು ಅಂತ ಕೇಂದ್ರ ಸರ್ಕಾರ 2019ರಲ್ಲಿ ಶ್ರಮಯೋಗಿ ಮಾನ್‌ಧನ್ ತಂದಿತು. ಅಸಂಘಟಿತ ಕಾರ್ಮಿಕರು ತಿಂಗಳಿಗೆ ₹55ರಿಂದ ₹200 ಕಟ್ಟಿದರೆ 60ಕ್ಕೆ ₹3,000 ಪಿಂಚಣಿ. ಸೇರಲು ವಯೋಮಿತಿ 18ರಿಂದ 40. ಆಗ ಮೇಸ್ತ್ರಿಗೆ ಕಾರ್ಡಿನ ಪ್ರಕಾರವೇ 48. ಅಂದರೆ ಪಿಂಚಣಿ ಯೋಜನೆಗೆ ಅವರು ಮುದುಕ, ಪಿಂಚಣಿಗೆ ಹುಡುಗ. ಕಟ್ಟಡ ಕಾರ್ಮಿಕರ ಮಂಡಳಿಯ ₹3,000ಕ್ಕೂ 60 ಆಗಬೇಕು. ರಾಜ್ಯದ ಸಂಧ್ಯಾ ಸುರಕ್ಷಾದ ₹1,200ಕ್ಕೆ 65 ಆಗಬೇಕು. ಸಂಧ್ಯೆ ಯಾವಾಗ ಆಗುತ್ತದೆ ಅಂತ ಪಂಚಾಂಗದವರಲ್ಲೂ ಇಷ್ಟು ಭಿನ್ನಾಭಿಪ್ರಾಯ ಇಲ್ಲ.

ವಯಸ್ಸಿನ ಗೊಡವೆಯೇ ಇಲ್ಲದ ಪಿಂಚಣಿಯೂ ಒಂದಿದೆ ಅಂತ ಮೇಸ್ತ್ರಿಗೆ ಹೇಳೋಣ ಅಂದುಕೊಂಡೆ. ಸಂಸದರಾಗಲು 25 ಆದರೆ ಸಾಕು. ಒಂದು ಅವಧಿ ಮುಗಿಸಿ 30ಕ್ಕೆ ಸೋತರೂ ತಿಂಗಳಿಗೆ ₹31,000 ಶುರು. 90 ದಿನದ ದೃಢೀಕರಣ ಪತ್ರ ಕೇಳುವುದಿಲ್ಲ. ಕೇಳಿದರೆ ಕೆಲವರಿಗೆ ತೊಂದರೆಯಾದೀತು. ನಮ್ಮ ವಿಧಾನಸಭೆ 2025ರ ಮಾರ್ಚ್‌ನಲ್ಲಿ ಮಾಜಿಗಳ ಪಿಂಚಣಿಯನ್ನು ₹50,000ದಿಂದ ₹75,000ಕ್ಕೆ ಏರಿಸಿಕೊಂಡಿತು. ಭಯಂಕರ ಗದ್ದಲದ ನಡುವೆಯೂ ಅದು ತಡವರಿಸದೆ ಪಾಸಾಯಿತು. ಹೇಳಲಿಲ್ಲ. ಅವರು ಗುಂಡು ಬಿಟ್ಟು ಗೋಡೆಯ ನೇರ ನೋಡುತ್ತಿದ್ದರು, ಕೈ ಅಲುಗಿದರೆ ನನ್ನ ರೂಮೇ ಸೊಟ್ಟ.

ಮಧ್ಯಾಹ್ನ ಊಟದ ಹೊತ್ತಿಗೆ ಅವರೇ ಮತ್ತೆ ಮಾತೆತ್ತಿದರು.

“ಸಾರ್, ನನ್ನ ತಮ್ಮಂಗೆ ಬರೋ ತಿಂಗಳಿಂದ ಪಿಂಚಣಿ ಬರ್ತದಂತೆ.”

“ತಮ್ಮಂಗಾ? ನಿಮಗಿಂತ ಎಷ್ಟು ಚಿಕ್ಕೋನು?”

“ನಾಲ್ಕು ವರ್ಷ. ನಾನೇ ಎತ್ತಿ ಆಡಿಸಿದೀನಿ. ಅವನ ಕಾರ್ಡಲ್ಲಿ 65ನೇ ಇಸವಿ ಬಿದ್ದದೆ. ಬೇರೆ ಹುಡುಗ ಕೂತಿದ್ನಂತೆ ಅವತ್ತು.” ಮುದ್ದೆ ಮುರಿದು ಸಾರಿಗೆ ಅದ್ದಿದರು. “ಸರ್ಕಾರದ ಲೆಕ್ಕದಾಗೆ ಈಗ ಅವ್ನೇ ಅಣ್ಣ. ಈ ಸಲ ಯುಗಾದಿಗೆ ಕಾಲಿಗೆ ಬೀಳೋರು ಯಾರು ಅಂತ ಮನೇಲಿ ಹೆಂಗಸ್ರು ಒಂದೇ ಸಮ ನಗ್ತಾರೆ. ನಮ್ಮವ್ಳು ಬೇರೆ, ಕಾರ್ಡಲ್ಲಿ ನನಗಿಂತ ಎರಡು ವರ್ಷ ದೊಡ್ಡೋಳು.”

ನಾನು ಬೇಸರದಿಂದ, ಇನ್ನೊಂದು ಅರ್ಜಿ ಬರೆದು ಕೊಡ್ತೀನಿ, 34 ವರ್ಷ ಅದೇ ಕೆಲಸ ಮಾಡಿದ್ದು ಅಂದೆ. ಅವರು ತಟ್ಟೆ ತೊಳೆದು, ಮೊಣಕಾಲಿಗೆ ಕೈ ಊರಿ, ‘ಉಸ್ಸಪ್ಪ’ ಅಂತ ಎದ್ದರು. ಎರಡು ಸಲ ಟಕ್ ಅಂತ ಸದ್ದಾಯಿತು, ಒಂದೊಂದು ಮಂಡಿಗೆ ಒಂದೊಂದು.

ಮೇಲೆ ಸಾರವೆ ಕಟ್ಟಿತ್ತು. ಕಿಟಕಿ ಎಷ್ಟು ಅಗಲ ಬಿಟ್ಟಿದ್ದಾರೆ ನೋಡೋಣ ಅಂತ ನಾನೂ ಏಣಿಗೆ ಕಾಲಿಟ್ಟೆ. ಮೇಸ್ತ್ರಿ ಸಿಮೆಂಟ್ ತುಂಬಿದ ಬಾಂಡ್ಲಿ ಭುಜಕ್ಕೇರಿಸಿಕೊಂಡವರು ನನ್ನ ಕೈ ಹಿಡಿದು ಮೆತ್ತಗೆ ಕೆಳಗೆ ಇಳಿಸಿದರು.

“ಬೇಡಿ ಸಾರ್, ವಯಸ್ಸಾದೋರು ನೀವು. ನಾನು ನೋಡ್ಕೊಂಡು ಬಂದು ಹೇಳ್ತೀನಿ.”