ಗೋಕರ್ಣಕ್ಕೆ ಎಷ್ಟು ಆ್ಯಪ್ ಬೇಕು?

ನಮ್ಮ ಕಡೆ ಮನೆಮಂದಿಯೆಲ್ಲ ಸೇರಿ ಎಲ್ಲಿಗಾದರೂ ಹೋಗಬೇಕು ಅಂದರೆ ಹೋಗುವುದು ಸುಲಭ, ಹೊರಡುವುದೇ ಕಷ್ಟ. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್. ದೇವಿಮನೆ ಘಟ್ಟ ಇಳಿದರೆ ಸಮುದ್ರದ ಗಾಳಿ ಬಂತು ಅಂತಲೇ ಲೆಕ್ಕ. ಆದರೆ ಟೆಂಪೋ ಟ್ರಾವೆಲರ್ ನಮ್ಮ ಅಂಗಳ ದಾಟುವುದರೊಳಗೆ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಮುನಿಸು, ಒಂದು ರಾಜಿ, ಒಬ್ಬರು ಗ್ರೂಪ್ ಬಿಟ್ಟು ಹೋಗಿ ಮತ್ತೆ ಬಂದದ್ದು, ಎಲ್ಲ ಮುಗಿದಿರುತ್ತದೆ.

ಈ ಸಲ ಗೋಕರ್ಣಕ್ಕೆ ಅಂತಾದಾಗ, ಇದಕ್ಕೆ ಮದ್ದು ಇದೆ ಅಂತ ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಹೇಳಿದ. ಅವನು ಸಾಫ್ಟ್‌ವೇರಿನವನು. ಅವನ ಪ್ರಕಾರ ಲೋಕದಲ್ಲಿ ಕಷ್ಟ ಅಂತ ಯಾವುದೂ ಇಲ್ಲ, ಇನ್ನೂ ಡೌನ್‌ಲೋಡ್ ಮಾಡದ ಆ್ಯಪ್ ಮಾತ್ರ ಇದೆ. "ಅಣ್ಣ, ಇದಕ್ಕೊಂದು ದೊಡ್ಡ ಮಾರ್ಕೆಟ್ಟೇ ಇದ್ದು" ಅಂತ ಶುರು ಮಾಡಿದ. ತಾರೀಕು ಗೊತ್ತು ಮಾಡಲು ಡೂಡಲ್. ಎಲ್ಲರೂ ಕೂಡಿ ದಾರಿ ಮತ್ತು ಜಾಗ ಜೋಡಿಸಲು ವಾಂಡರ್‌ಲಾಗ್. ಟಿಕೆಟಿನ ಮೇಲ್ ಕಳಿಸಿದರೆ ತಾನೇ ಪಟ್ಟಿ ಮಾಡಿಕೊಡುವ ಟ್ರಿಪ್‌ಇಟ್, ಅದು 2006ರಿಂದಲೇ ಇದೆಯಂತೆ. ಖರ್ಚು ಹಂಚಲು ಅಮೆರಿಕದ ಸ್ಪ್ಲಿಟ್‌ವೈಸ್. ಅದರ ಎದುರಾಳಿ ಬೆಲ್ಜಿಯಂನ ಟ್ರೈಕೌಂಟ್, 2022ರಲ್ಲಿ ಅದನ್ನು ನೆದರ್ಲೆಂಡ್ಸಿನ ಬ್ಯಾಂಕೊಂದು ಕೊಂಡುಕೊಂಡಿತು. ಕೇಳುತ್ತ ಕೇಳುತ್ತ ನನಗೆ ಮಾರಿಕಾಂಬಾ ಜಾತ್ರೆಪೇಟೆಯ ಬಳೆ ಅಂಗಡಿಗಳ ಸಾಲು ಕಣ್ಣಿಗೆ ಬಂತು. ಎಲ್ಲರ ಹತ್ತಿರವೂ ಅದೇ ಬಳೆ, ಎಲ್ಲರೂ ಇಲ್ಲೇ ಬನ್ನಿ ಅಂತ ಕರೆಯುವವರೇ.

ಸರಿ, ಮೊದಲು ತಾರೀಕು. ಹೊಸ ಆ್ಯಪ್ ಹಾಕಿಕೊಳ್ಳಿ ಅಂದದ್ದಕ್ಕೆ ಯಾರೂ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಹಾಗಾಗಿ ನನ್ನ ತಮ್ಮ ವಾಟ್ಸಾಪಿನಲ್ಲೇ ಪೋಲ್ ಹಾಕಿದ. ವಾಟ್ಸಾಪಿಗೆ ಈ ಸೌಲಭ್ಯ 2022ರ ನವೆಂಬರಿನಲ್ಲಿ ಬಂತು. ಒಬ್ಬರು ಎಷ್ಟು ಉತ್ತರ ಬೇಕಾದರೂ ಒತ್ತಬಹುದು. ಒಬ್ಬರಿಗೆ ಒಂದೇ ವೋಟು ಅಂತ ಕಟ್ಟು ಮಾಡುವ ಬಟನ್ ಮರುವರ್ಷ ಬಂತು, ಅದನ್ನು ನಾವೇ ಹುಡುಕಿ ಒತ್ತಬೇಕು. ತಮ್ಮ ನಾಲ್ಕು ಶನಿವಾರ ಕೊಟ್ಟ. ಅತ್ತೆ ನಾಲ್ಕನ್ನೂ ಒತ್ತಿದಳು. ಯಾರಿಗೂ ಬೇಜಾರಾಗಬಾರದು ಅಂತ. ಅತ್ತೆ ನಾಲ್ಕು ಒತ್ತಿದ್ದು ನೋಡಿ ಚಿಕ್ಕಮ್ಮನೂ ನಾಲ್ಕು ಒತ್ತಿದಳು. ಸಂಜೆ ಹೊತ್ತಿಗೆ ನಾಲ್ಕೂ ಶನಿವಾರ ಬಹುಮತದಿಂದ ಗೆದ್ದಿದ್ದವು.

ದೊಡ್ಡಪ್ಪ ವೋಟು ಹಾಕಲಿಲ್ಲ. ವಾಯ್ಸ್ ಮೆಸೇಜು ಹಾಕಿದ. ಮೊದಲು ಅರ್ಧ ನಿಮಿಷ ಎಲೆಯಡಿಕೆ ಕವಳ ಉಗುಳುವ ಸದ್ದು, ಆಮೇಲೆ ಮಾತು: "ಕೊನೆಗೌಡ ಯಾವಾಗ ಬತ್ತ ಹೇಳಿ ಗೊತ್ತಿಲ್ಲೆ. ಅವ ಬಂದ ದಿನ ಯಾರೂ ಹೋಪಲಾಗ್ತಿಲ್ಲೆ."

ಅಲ್ಲಿಗೆ ಪೋಲ್ ರದ್ದು. ಮರ ಹತ್ತಿ ಅಡಿಕೆ ಕೊನೆ ಇಳಿಸುವವನ ಮರ್ಜಿ ಯಾವ ಆ್ಯಪಿನ ಕ್ಯಾಲೆಂಡರಿನಲ್ಲಿದೆ? ಕೊಯ್ಲಿನ ಕಾಲದಲ್ಲಿ ಅವನ ಡೇಟು ಸಿಗುವುದು ಸಿನಿಮಾ ನಟರ ಡೇಟಿಗಿಂತ ಕಷ್ಟ. ಅವನು ಬಂದು ಹೋದ ಮೇಲೆ ಒಂದು ಭಾನುವಾರ ಹೊರಡುವುದು ಅಂತಾಯಿತು. ಭಾನುವಾರ ಪೋಲಿನಲ್ಲಿ ಇರಲೇ ಇಲ್ಲ.

ಮುಂದೆ ರೂಟು. ತಮ್ಮನ ಫೋನಿನಲ್ಲಿದ್ದ ಒಂದು ಆ್ಯಪಿಗೆ ಊರುಗಳ ಹೆಸರು ಕೊಟ್ಟರೆ ಕಡಿಮೆ ಕಿಲೋಮೀಟರಿನಲ್ಲಿ ಮುಗಿಯುವ ಹಾಗೆ ಜೋಡಿಸಿಕೊಡುತ್ತದೆ. ಅದು ಗೋಕರ್ಣದಲ್ಲಿ ಮೊದಲು ಓಂ ಬೀಚ್, ಆಮೇಲೆ ಮಹಾಬಲೇಶ್ವರ, ಕೊನೆಗೆ ಗಣಪತಿ ಅಂತ ಜೋಡಿಸಿತು. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದ. ಗೋಕರ್ಣದಲ್ಲಿ ಮಹಾಗಣಪತಿಗೆ ಕೈ ಮುಗಿದೇ ಮಹಾಬಲೇಶ್ವರನ ಹತ್ತಿರ ಹೋಗುವುದು ರೂಢಿ. "ತಮಾ, ರಾವಣನಿಗೇ ಆಟ ಆಡಿಸಿದ ಗಣಪತಿ ಅದು. ನಿನ್ನ ಫೋನು ಯಾವ ಲೆಕ್ಕ?" ಅಂದ. ತಮ್ಮ ಗಣಪತಿಯನ್ನು ಬೆರಳಿನಲ್ಲಿ ಎಳೆದು ಮೇಲಕ್ಕೆ ತಂದ. ಆ್ಯಪು ನೀವು ಎರಡು ಕಿಲೋಮೀಟರ್ ಜಾಸ್ತಿ ಹೋಗುತ್ತಿದ್ದೀರಿ ಅಂತ ಕೆಂಪಕ್ಷರದಲ್ಲಿ ಎಚ್ಚರಿಸಿತು.

ನಿಜ ಹೇಳಬೇಕೆಂದರೆ ಈ ಆ್ಯಪ್ ಮಾಡುವವರ ಬಗ್ಗೆ ನನಗೆ ಕನಿಕರ ಇದೆ. ಗೂಗಲ್ಲಿನಂಥ ಗೂಗಲ್ಲೇ 2016ರಲ್ಲಿ ಗೂಗಲ್ ಟ್ರಿಪ್ಸ್ ಅಂತ ತಂದು, 2019ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಯಾಕೆ ಅಂತ ನಮ್ಮ ಮನೆಯ ಜಗಲಿಯಲ್ಲಿ ಕೂತರೂ ಊಹಿಸಬಹುದು. ಜನಕ್ಕೆ ಪ್ರವಾಸದ ಆ್ಯಪು ಬೇಕಾಗುವುದು ವರ್ಷಕ್ಕೆ ಒಂದೆರಡು ಸಲ. ಗುಂಪಿನಲ್ಲಿ ಎಲ್ಲರೂ ಹಾಕಿಕೊಂಡರೆ ಮಾತ್ರ ಅದರಿಂದ ಪ್ರಯೋಜನ. ದುಡ್ಡು ಬರುವುದು ಹೋಟೆಲ್ ಬುಕಿಂಗಿನ ಕಮಿಷನ್ನಿನಿಂದ, ಇಲ್ಲವೇ ವರ್ಷದ ಚಂದಾದಿಂದ. ನಮ್ಮವರು ಚಂದಾ ಕೊಡುವುದು ಯಕ್ಷಗಾನಕ್ಕೆ ಮತ್ತು ಗಣಪತಿ ಹಬ್ಬಕ್ಕೆ ಮಾತ್ರ. ಹೋಟೆಲ್ ಅಂತೂ ಕೇಳಲೇಬೇಡಿ. ಹೊನ್ನಾವರದಲ್ಲಿ ಅತ್ತೆಯ ತವರಿದೆ. ಅಲ್ಲಿ ಉಳಿಯದೆ ಲಾಡ್ಜ್ ಮಾಡಿದರೆ ಮುಂದಿನ ಮದುವೆಗೆ ಅವರು ಬರುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊರಡುವವರಿಂದ ಯಾವ ಕಂಪನಿ ಕಮಿಷನ್ ಹೊಡೆದೀತು?

ಹೊರಟ ದಿನ ಹಿರಿಯರೆಲ್ಲ ಟೆಂಪೋದಲ್ಲಿ, ನಾವು ಕೆಲವರು ತಮ್ಮನ ಕಾರಿನಲ್ಲಿ. ಟೆಂಪೋದಲ್ಲಿ ಅತ್ತೆಯ ಫೋನಿಗೆ ಲೈವ್ ಲೊಕೇಶನ್ ಹಾಕಿಕೊಟ್ಟಿದ್ದೆವು, ಟೆಂಪೋ ಎಲ್ಲಿದೆ ಅಂತ ನಮ್ಮ ಮ್ಯಾಪಿನಲ್ಲಿ ಚುಕ್ಕೆಯಾಗಿ ಕಾಣಲಿ ಅಂತ. ದೇವಿಮನೆ ಘಟ್ಟದ ಒಂದು ತಿರುವಿನಲ್ಲಿ ಆ ಚುಕ್ಕೆ ನಿಂತುಬಿಟ್ಟಿತು. ನಾವು ಕುಮಟೆಯಲ್ಲಿ ಚಾ ಕುಡಿಯುತ್ತ ಕಾದೆವು. ಚುಕ್ಕೆ ಅಲ್ಲಾಡಲಿಲ್ಲ. ಫೋನ್ ಮಾಡಿದರೆ ನಾಟ್ ರೀಚೆಬಲ್. ತಮ್ಮ ಮ್ಯಾಪನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. ಆಚೆ ಬದಿ ಕಣಿವೆ ಎಷ್ಟು ಆಳ ಅಂತ ಗೊತ್ತಾದ ಮೇಲೆ ಅವನಿಗೆ ಚಾ ಇಳಿಯಲಿಲ್ಲ. ಕೊನೆಗೆ ಮನೆಯ ಲ್ಯಾಂಡ್‌ಲೈನಿಗೆ ಮಾಡಿದೆವು. ದನ ಕರೆಯುವವರಿಲ್ಲ ಅಂತ ಆಯಿ ಒಬ್ಬಳೇ ಮನೆಯಲ್ಲಿ ಉಳಿದಿದ್ದಳು. "ಅವು ಆಗ್ಲೇ ಮಿರ್ಜಾನ್ ದಾಟಾತಡ, ಅತ್ತೆ ಅಂಗಡಿಯಿಂದ ಫೋನ್ ಮಾಡಿತ್ತು. ನಿಂಗ ಎಲ್ಲಿದ್ದಿ?" ಅಂತ ನಮ್ಮನ್ನೇ ಗದರಿಸಿದಳು. ಘಟ್ಟದಲ್ಲಿ ಸಿಗ್ನಲ್ ಹೋದಾಗ ಯಾರೋ ಅತ್ತೆಯ ಫೋನು ಸ್ವಿಚ್ ಆಫ್ ಮಾಡಿ ಚೀಲದಲ್ಲಿ ಇಟ್ಟಿದ್ದರು, ಸುಮ್ನೆ ಚಾರ್ಜು ಯಾಕೆ ಹಾಳು ಅಂತ.

ಖರ್ಚಿನ ಲೆಕ್ಕಕ್ಕೂ ತಮ್ಮ ಒಂದು ಆ್ಯಪ್ ಇಟ್ಟಿದ್ದ. ಹಣ್ಣುಕಾಯಿ, ಎಳನೀರು, ಪಾರ್ಕಿಂಗು, ಮಕ್ಕಳ ಐಸ್‌ಕ್ರೀಮು, ಒಂದೊಂದನ್ನೂ ಬರೆದ. ಮುರ್ಡೇಶ್ವರದಲ್ಲಿ 123 ಅಡಿಯ ಶಿವನ ಎದುರು ಅದು "ಉಚಿತ ಖಾತೆಯ ಇವತ್ತಿನ ಮಿತಿ ಮುಗಿಯಿತು" ಅಂತ ಕೈ ಎತ್ತಿತು. ಬೇಕಾದರೆ ದುಡ್ಡು ಕಟ್ಟಿ, ಇಲ್ಲವಾದರೆ ನಾಳೆ ಬನ್ನಿ. ದೊಡ್ಡಪ್ಪನ ಲೆಕ್ಕ ಮಾತ್ರ ನಡೆದೇ ಇತ್ತು. ಸೊಸೈಟಿ ಕೊಟ್ಟ ಪಾಕೆಟ್ ಡೈರಿ, ಕವಳದ ಸಂಚಿಯಲ್ಲಿ ಸಿಕ್ಕಿಸಿಕೊಂಡ ಗಿಡ್ಡ ಪೆನ್ಸಿಲ್. ಪುಟದ ಮೂಲೆಯಲ್ಲಿ ಹೆಬ್ಬೆರಳಿನ ಸುಣ್ಣ. "ಎಳನೀರು 9. ಒಂದು ಮಗು ಚೆಲ್ಲಿತು" ಅಂತ ಷರಾ ಸಮೇತ ಬರೆದಿದ್ದ.

ರಾತ್ರಿ ಹೊನ್ನಾವರದಲ್ಲಿ ಊಟ ಆದ ಮೇಲೆ ತಮ್ಮ ಫಲಿತಾಂಶ ಓದಿದ. ಅತ್ತೆ ಮಾವನಿಗೆ 315 ರೂಪಾಯಿ ಕೊಡಬೇಕಂತೆ. ಅತ್ತೆ ಬಾಳೆ ಎಲೆ ಮಡಚುವುದನ್ನು ನಿಲ್ಲಿಸಿದಳು. "ಮದುವೆ ಆದಾಗಿಂದ ಇವ್ರು ನಂಗೆ ಕೊಡವು. ಅದನ್ನ ಇದರಲ್ಲಿ ಎಲ್ಲಿ ಬರೀತೆ ತಮಾ?" ಮಾವ ಕೈ ತೊಳೆಯಲು ಹೋದವನು ಬಹಳ ಹೊತ್ತು ಬರಲಿಲ್ಲ.

ಆ್ಯಪಿನ ಪ್ರಕಾರ ದೊಡ್ಡಪ್ಪನೂ ನನಗೆ 500 ರೂಪಾಯಿ ಬಾಕಿ. ಟೆಂಪೋ ಡ್ರೈವರಿನ ಭತ್ಯೆ, ಎರಡು ಕಡೆಯ ಪೂಜೆ ಅವನೇ ಕೊಟ್ಟದ್ದು. ಆದರೆ ಅದೆಲ್ಲ ಇದ್ದದ್ದು ಡೈರಿಯಲ್ಲಿ, ಫೋನಿನಲ್ಲಲ್ಲ. ಹೋಗಲಿ ಬಿಡು ಅಂತ ಎಲ್ಲರೂ ಮಲಗಿದೆವು. ಆ್ಯಪು ಬಿಡಲಿಲ್ಲ. ಊರಿಗೆ ಬಂದು ಒಂದು ವಾರಕ್ಕೆ ಅದು ದೊಡ್ಡಪ್ಪನ ಫೋನಿಗೆ ಇಂಗ್ಲಿಷಿನಲ್ಲಿ ಬಹಳ ವಿನಯದಿಂದ ನೆನಪೋಲೆ ಕಳಿಸಿತು. ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದಳಂತೆ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ನಮ್ಮ ಮನೆಗೆ ಬಂದ. ಆಸರಿಗೆ ಕುಡಿಯಲು ಕೊಟ್ಟರೆ ಬೇಡ ಅಂದ. ಜೇಬಿನಿಂದ ಲಕೋಟೆ ತೆಗೆದು ಕೈಗಿಟ್ಟು ಹೋದ. ಅವನ ಮನೆಯಲ್ಲಿ ಲಕೋಟೆ ಅಂದರೆ ಮದುವೆ ಮುಯ್ಯಿಗೆ ತಂದಿಟ್ಟದ್ದು ಮಾತ್ರ, ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸಿದ್ದು. ತಮ್ಮ ಪ್ರಾಮಾಣಿಕ ಹುಡುಗ, 501 ರೂಪಾಯಿ ಬಂತು ಅಂತ ಆ್ಯಪಿನಲ್ಲಿ ಬರೆದ. ಮುಯ್ಯಿಯ ನಾಣ್ಯ ವಾಪಸು ಕೊಡುವ ಹಾಗಿಲ್ಲ ಅಂತ ಆಯಿಯ ತೀರ್ಮಾನ. ಈಗ ಪ್ರತಿ ಸೋಮವಾರ ಬೆಳಿಗ್ಗೆ ನನ್ನ ಫೋನು ಟಿಂಗ್ ಅನ್ನುತ್ತದೆ: ನೀವು ದೊಡ್ಡಪ್ಪನವರಿಗೆ ಒಂದು ರೂಪಾಯಿ ಬಾಕಿ ಇದ್ದೀರಿ.