ಅಯೋವಾ ಅಂಕದ ಬರ: ತಪ್ಪು ಬ್ರಯಾನ್ ಒಬ್ಬರದೇ ಅಲ್ಲ

2023ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಅಂಕಕ್ಕೆ ಪರದಾಡಲು ಅಫೆನ್ಸ್ (ಚೆಂಡು ಹಿಡಿದು ಅಂಕ ಗಳಿಸಲು ಆಡುವ ವಿಭಾಗ) ಕೋಚ್ ಬ್ರಯಾನ್ ಫೆರೆಂಟ್ಸ್ ಒಬ್ಬರೇ ಕಾರಣ, ಪಂದ್ಯಕ್ಕೆ ಸರಾಸರಿ 25 ಅಂಕದ ಗುರಿ ತಪ್ಪಿದ್ದಕ್ಕೇ ಕೆಲಸ ಹೋಯಿತು ಎಂಬ ಮಾತು ಓಡಾಡುತ್ತಿದೆ. ಅರ್ಧ ಸತ್ಯ.

ಅವರನ್ನು ಮುಂದುವರಿಸುವುದಿಲ್ಲ ಎಂದು ವಿಶ್ವವಿದ್ಯಾಲಯ ಅಕ್ಟೋಬರ್ 30ಕ್ಕೇ ಹೇಳಿತ್ತು. ಆಗ ಸೀಸನ್ ಇನ್ನೂ ಮುಗಿದಿರಲಿಲ್ಲ, ಸರಾಸರಿಯ ಲೆಕ್ಕವೂ ಮುಗಿದಿರಲಿಲ್ಲ. ಆ 25ರಲ್ಲಿ ಡಿಫೆನ್ಸ್ (ಎದುರಾಳಿಯನ್ನು ತಡೆಯುವ ವಿಭಾಗ) ಗಳಿಸಿದ ಅಂಕವೂ ಸೇರುತ್ತಿತ್ತು. ಆದರೂ ಕೊನೆಗೆ ಸಿಕ್ಕಿದ್ದು 15ರ ಆಸುಪಾಸು!

ಬ್ರಯಾನ್ ಅಮಾಯಕರೇನಲ್ಲ, 2022ರಲ್ಲೂ ಇದೇ ಗೋಳು. ಆದರೆ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಅಫೆನ್ಸ್ ನಡೆಸುವ ಆಟಗಾರ) ಕೇಡ್ ಮೆಕ್‌ನಮಾರ 2023ರ ಸೆಪ್ಟೆಂಬರ್ ಕೊನೆಯಲ್ಲೇ ಮೊಣಕಾಲು ಗಾಯವಾಗಿ ಹೊರಬಿದ್ದರು. ಇನ್ನು ಮುಖ್ಯ ಕೋಚ್ ಯಾರು? ಬ್ರಯಾನ್ ಅವರ ಅಪ್ಪ ಕರ್ಕ್. 1999ರಿಂದ ತಂಡ ಅವರ ಕೈಯಲ್ಲೇ ಇತ್ತು. ಡಿಫೆನ್ಸ್ ನಂಬಿಕೊಂಡು ಹುಷಾರಾಗಿ ಆಡುವ ರೀತಿಯೂ ಅವರದ್ದೇ, ಅಲ್ವಾ? ಮಗನನ್ನು ಮಾತ್ರ ಬೈದರೆ ಹೇಗೆ?