ನಮ್ಮಿಬ್ಬರಲ್ಲೇ ಇರಲಿ

ಮನೆ ವಿಷಯ ಬಂದರೆ ನಮ್ಮವರ ದನಿ ತಾನಾಗಿ ಇಳಿಯುತ್ತದೆ. ಮಗಳಿಗೆ ಗಂಡು ನೋಡುತ್ತಿರುವುದು, ಭಾವನ ಶುಗರ್ರು, ಅಣ್ಣತಮ್ಮಂದಿರ ಸೈಟಿನ ಜಗಳ, ಎಲ್ಲ ಪಿಸುಮಾತು. ಸಂಬಳ ಎಷ್ಟು ಅಂತ ಯಾರಾದರೂ ಕೇಳಿದರಂತೂ 'ಏನೋ ನಡೀತಿದೆ ಬಿಡಿ' ಅನ್ನುತ್ತೇವೆ. ಆಫೀಸಿನ ವಿಷಯ ಬರಲಿ ನೋಡಿ, ಅದೇ ದನಿ ಮೆಟ್ರೋ ಬೋಗಿಯ ಆ ತುದಿಗೂ ಕೇಳುತ್ತದೆ.

2023ರ ಅಕ್ಟೋಬರ್‌ನಲ್ಲಿ ನಮ್ಮ ಮೆಟ್ರೋದ ನೇರಳೆ ಮಾರ್ಗ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ತಿಯಾದ ಮೇಲೆ ಇದಕ್ಕೆ ಇನ್ನೂ ಅನುಕೂಲವಾಗಿದೆ. 43 ಕಿಲೋಮೀಟರ್ ದಾರಿ. ಒಂದು ಕಂಪನಿಯ ಒಳಗುಟ್ಟನ್ನೆಲ್ಲ ಹೇಳಿ ಮುಗಿಸಲು ಧಾರಾಳ ಸಾಕು. ಒಂದು ಸಂಜೆ ಬಾಗಿಲ ಪಕ್ಕ ಒರಗಿ ನಿಂತು ಒಬ್ಬರು ಫೋನಿನಲ್ಲಿದ್ದರು. ಎರಡೂ ಕಿವಿಯಲ್ಲಿ ಇಯರ್‌ಫೋನ್. ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿಯ ಅಳತೆ ಸಿಗೋದಿಲ್ಲ ಅಲ್ವಾ? "ಇದು ನಮ್ಮಿಬ್ಬರಲ್ಲೇ ಇರಲಿ, ಟೆಸ್ಟಿಂಗ್ ಟೀಮ್‌ನಲ್ಲಿ ಮೂರು ಜನಾನ ತೆಗೀತಾರೆ" ಅಂದರು. ಇಡೀ ಬೋಗಿ ಆ 'ನಮ್ಮಿಬ್ಬರಲ್ಲಿ' ಸೇರಿಕೊಂಡಿತು. ಕೊರಳಲ್ಲಿ ಐಡಿ ಕಾರ್ಡ್ ಬೇರೆ ನೇತಾಡುತ್ತಿತ್ತು. ಕಂಪನಿ ಹೆಸರು, ಅವರ ಹೆಸರು, ಫೋಟೊ, ಏನೂ ಬಾಕಿಯಿಲ್ಲ. ಕೆಲಸ ಹೋಗುವ ಆ ಮೂವರಿಗೆ ಸುದ್ದಿ ಇನ್ನೂ ಗೊತ್ತಿಲ್ಲ, ಸೊಪ್ಪಿನ ಚೀಲ ಹಿಡಿದು ಎದುರಿಗೆ ಕೂತಿದ್ದ ಅಜ್ಜಿಗೆ ಗೊತ್ತಾಗಿಹೋಯಿತು. ಅವರು ಪಾಪ, 'ಅಯ್ಯೋ ಶಿವನೇ' ಅಂದೇಬಿಟ್ಟರು.

ಇದನ್ನು ಮರೆವು ಅಂತ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಗುಟ್ಟು ಗೊತ್ತಿರುವವನು ದೊಡ್ಡ ಮನುಷ್ಯ. ಗೊತ್ತಿದೆ ಅನ್ನುವುದು ನಾಲ್ಕು ಜನಕ್ಕೆ ತಿಳಿಯದಿದ್ದರೆ ಆ ದೊಡ್ಡಸ್ತಿಕೆ ಇದ್ದೂ ಏನು ಬಂತು? ಅದಕ್ಕೇ 'ಯಾರಿಗೂ ಹೇಳ್ಬೇಡ' ಅನ್ನುವ ಮಾತೇ ಎಲ್ಲಕ್ಕಿಂತ ಜೋರಾಗಿ ಕೇಳಿಸುವುದು.

ಷೇರುಪೇಟೆಯಲ್ಲಿರುವ ಕಂಪನಿಗಳ ವಿಷಯದಲ್ಲಿ ಕಾನೂನೇ ಇದೆ. ಷೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿಯ 2015ರ ನಿಯಮದ ಪ್ರಕಾರ, ಇನ್ನೂ ಹೊರಬೀಳದ, ಷೇರಿನ ಬೆಲೆ ಏರಿಳಿಸುವಂಥ ಸುದ್ದಿಯನ್ನು ಕಂಡವರಿಗೆ ಹೇಳುವಂತಿಲ್ಲ. ಅಂಥ ಸುದ್ದಿ ಕೈಯಲ್ಲಿದ್ದವನನ್ನೂ ಕಂಪನಿಯ ಒಳಗಿನವನೆಂದೇ ಲೆಕ್ಕ ಹಿಡಿಯುತ್ತಾರೆ. ಅಂದರೆ ಯಾರದೋ ಬಾಯಿಬಡುಕತನಕ್ಕೆ ಸೊಪ್ಪಿನ ಅಜ್ಜಿಯೂ ಷೇರು ಕೊಳ್ಳುವ ಮುಂಚೆ ಯೋಚನೆ ಮಾಡಬೇಕು!

ಗುಟ್ಟು ಕಾಯುವುದನ್ನು ನೋಡಬೇಕೆಂದರೆ ದನಗಳ ಜಾತ್ರೆಗೆ ಹೋಗಬೇಕು. ದೊಡ್ಡಬಳ್ಳಾಪುರದ ಹತ್ತಿರ ಘಾಟಿ ಸುಬ್ರಹ್ಮಣ್ಯದಲ್ಲಿ ಅಂಥ ದೊಡ್ಡ ಜಾತ್ರೆ ಸೇರುತ್ತದೆ. ದಲ್ಲಾಳಿ ಬಂದು ಎತ್ತಿನ ಹಲ್ಲು ನೋಡುತ್ತಾನೆ, ಬೆನ್ನು ತಟ್ಟುತ್ತಾನೆ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ರೈತನ ಕೈಮೇಲೆ ಹಾಕುತ್ತಾನೆ. ವ್ಯಾಪಾರ ಅದರ ಕೆಳಗೆ. ಎಷ್ಟು ಬೆರಳು ಹಿಡಿದ ಅನ್ನುವುದರ ಮೇಲೆ ಬೆಲೆ. ಸಾವಿರವೋ ಹತ್ತು ಸಾವಿರವೋ ಅನ್ನುವುದು ಎತ್ತನ್ನು ನೋಡಿದರೇ ಇಬ್ಬರಿಗೂ ಗೊತ್ತು. ಬಾಯಿ ಮಾತ್ರ ಈ ಸಲದ ಮಳೆ, ಹುಲ್ಲಿನ ರೇಟು ಅಂತ ಬೇರೇನೋ ಮಾತಾಡುತ್ತಿರುತ್ತದೆ. ಬೆಲೆ ಹಿಡಿಸದಿದ್ದರೆ ರೈತ ಸುಮ್ನೆ ಕೈ ಎಳೆದುಕೊಳ್ಳುತ್ತಾನೆ. ಸುತ್ತ ಹತ್ತು ಜನ ನಿಂತಿದ್ದರೂ ಒಬ್ಬರಿಗೂ ಸುಳಿವಿಲ್ಲ. ಎಂಬಿಎ ಮಾಡಿದವರನ್ನು ಒಂದು ದಿನ ಅಲ್ಲಿಗೆ ಕಳಿಸಬೇಕು.

ಅಕೌಂಟ್ಸ್ ನೋಡುವ ನನ್ನ ಗೆಳೆಯರೊಬ್ಬರು ತಮ್ಮದೇ ಒಂದು ಟವೆಲ್ ಕಂಡುಕೊಂಡಿದ್ದಾರೆ. ಹೊರಗೆ ಇರುವಾಗ ಯಾವ ಪಾರ್ಟಿಯ ಹೆಸರನ್ನೂ ಎತ್ತುವುದಿಲ್ಲ. ಎಲ್ಲರಿಗೂ ತಿಂಡಿಯ ಹೆಸರಿಟ್ಟಿದ್ದಾರೆ. ಸಿಮೆಂಟ್ ಅಂಗಡಿಯವರು ಮಸಾಲೆ ದೋಸೆ, ಬಟ್ಟೆ ಅಂಗಡಿಯವರು ಇಡ್ಲಿ ವಡೆ. 'ಮಸಾಲೆ ದೋಸೆಗೆ ನೋಟಿಸ್ ಬಂದಿದೆ' ಅಂದರೆ ಕೇಳಿದವರಿಗೆ ಏನು ತಿಳಿದೀತು? ಮೊನ್ನೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಫೋನಿನಲ್ಲಿ ಗದರಿದರು: "ಇಡ್ಲಿ ವಡೆದು ಇನ್ನೂ ಬಂದಿಲ್ಲ ಕಣ್ರೀ, ಎಷ್ಟು ಹೊತ್ತು ಕಾಯೋದು?" ಮಾಣಿ ಓಡಿಹೋಗಿ ಎರಡು ಪ್ಲೇಟ್ ತಂದಿಟ್ಟ, ಸಾಂಬಾರ್ ಬೇರೆ ಬಟ್ಟಲಲ್ಲಿ.